ಚೈತ್ರಳ ಕಾಗದದಲ್ಲಿ ನಾನು ಹಾಕಿದ ಸುತ್ತುಗಳು

ಮೊದಲು ನನ್ನ ಕೆಟ್ಟ ಬುದ್ಧಿಯ ವಿಷಯ ಹೇಳಿಬಿಡುತ್ತೇನೆ. ಆಸ್ಪತ್ರೆಯ ವಿಷಯ ಆಮೇಲೆ.

ನಾನು ಅಂಗನವಾಡಿ ಟೀಚರು. ಚಿಕ್ಕರಸಿನಕೆರೆ ಕಡೆಯ ಒಂದು ಹಳ್ಳಿಯಲ್ಲಿ ಹನ್ನೊಂದು ವರ್ಷದಿಂದ ಮಕ್ಕಳಿಗೆ ಹಾಡು ಹೇಳಿಕೊಡುವುದು, ಮೊಟ್ಟೆ ಬೇಯಿಸಿ ಕೊಡುವುದು, ತಿಂಗಳಿಗೊಮ್ಮೆ ತೂಕ ಹಾಕುವುದು ನನ್ನ ಕೆಲಸ. ತೂಕ ಹಾಕಿದ ಮೇಲೆ ಪ್ರತಿ ಮಗುವಿನ ಚಾರ್ಟಿನಲ್ಲಿ ಒಂದು ಚುಕ್ಕೆ ಇಡಬೇಕು. ಚುಕ್ಕೆ ಹಸಿರು ಪಟ್ಟಿಗೆ ಬಿದ್ದರೆ ಮಗು ಚೆನ್ನಾಗಿದೆ ಎಂದು, ಹಳದಿಗೆ ಬಿದ್ದರೆ ಸ್ವಲ್ಪ ಕಡಿಮೆ ಎಂದು, ಕೆಂಪಿಗೆ ಬಿದ್ದರೆ ತೀರಾ ಸೊರಗಿದೆ ಎಂದು ಅರ್ಥ. ಕೆಂಪಿಗೆ ಬಿದ್ದ ಮಗು ಇದ್ದರೆ ಮೇಲಿನವರು ಬಂದು ಕೇಳುತ್ತಾರೆ. ತಾಯಿಯನ್ನು ಕರೆಸಬೇಕು, ಮದ್ದೂರಿಗೆ ಕರೆದುಕೊಂಡು ಹೋಗಿ ತೋರಿಸಬೇಕು. ಆ ತಾಯಿ ಬೀದಿಯಲ್ಲಿ ನಿಂತು "ನನ್ ಮಗೀಗೆ ಏನಾಗದೆ ಅಂತ ಕೆಂಪ್ ಹಾಕುದ್ರಿ ಟೀಚರೆ" ಎಂದು ಜಗಳಕ್ಕೆ ಬರುತ್ತಾಳೆ. ಹಾಗಾಗಿ ಕೆಲವು ಚುಕ್ಕೆಗಳನ್ನು ನಾನು ಸ್ವಲ್ಪ ಮೇಲಕ್ಕೆ ಇಟ್ಟಿದ್ದೇನೆ. ಹೆಚ್ಚೇನಲ್ಲ, ಒಂದು ಕೂದಲೆಳೆಯಷ್ಟು. ಎಲ್ಲರನ್ನೂ ಹಸಿರಿಗೆ ತಂದರೆ ಅನುಮಾನ ಬರುತ್ತದೆಂದು ಒಂದೆರಡನ್ನು ಹಳದಿಯಲ್ಲೇ ಬಿಡುತ್ತಿದ್ದೆ. ಈ ಜಾಣತನವನ್ನು ನನಗೆ ಯಾರೂ ಕಲಿಸಲಿಲ್ಲ, ತಾನಾಗಿ ಬಂತು.

ಇದನ್ನು ಯಾಕೆ ಹೇಳಿದೆ ಎಂದರೆ, ಇದೇ ಕೈ ಆಮೇಲೆ ಆಸ್ಪತ್ರೆಯಲ್ಲಿ ಬೇರೊಬ್ಬಳ ಕಾಗದದ ಮೇಲೂ ಓಡಿತು. ಮೂರು ವರ್ಷದಿಂದ ಅದನ್ನು ಬರೆಯಬೇಕು ಅಂದುಕೊಳ್ಳುತ್ತಿದ್ದೇನೆ, ನಾಚಿಕೆಯಾಗಿ ಬಿಟ್ಟುಬಿಡುತ್ತಿದ್ದೇನೆ. ದಿನ ತುಂಬದೆ ಹುಟ್ಟಿದ ಕೂಸನ್ನು ಐಸಿಯು ಒಳಗೆ ಬಿಟ್ಟು ಹೊರಗೆ ಕೂತಿರುವ ಯಾವಳಾದರೂ ಇದನ್ನು ಓದಿ, ತನ್ನ ತಲೆಯಲ್ಲಿ ಓಡುತ್ತಿರುವ ಮಾತು ತನ್ನೊಬ್ಬಳದೇ ಅಲ್ಲ ಎಂದು ತಿಳಿದುಕೊಂಡರೆ ನನ್ನ ಮರ್ಯಾದೆ ಹೋದರೂ ಚಿಂತೆಯಿಲ್ಲ.

ನಮ್ಮದು ಮದುವೆಯಾಗಿ ಎಂಟು ವರ್ಷಕ್ಕೆ ನಿಂತ ಬಸಿರು. ನಮ್ಮತ್ತೆ ಮುತ್ತತ್ತಿಗೆ ಹೋಗಿ ಹರಕೆ ಹೊತ್ತು ಬಂದಿದ್ದರು. ಏಳನೇ ತಿಂಗಳಿನಲ್ಲಿ ನನ್ನ ಕಾಲು ಊದಿಕೊಂಡಿತು. ಊರಿನ ಬಸುರಿಯರಿಗೆಲ್ಲ "ಕಾಲು ಊದಿದ್ರೆ ಬಿಪಿ ನೋಡಿಸ್ಕೊಳ್ಳಿ" ಎಂದು ಹೇಳುವವಳೇ ನಾನು. ನನ್ನ ಕಾಲಿಗೆ ಮಾತ್ರ ಬಸ್ಸಿನಲ್ಲಿ ನಿಂತು ಬಂದದ್ದೇ ಕಾರಣ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಒಂದು ದಿನ ಮಕ್ಕಳ ತೂಕ ಹಾಕುತ್ತಿರುವಾಗ ತಕ್ಕಡಿಯ ಅಂಕಿಗಳು ಕಣ್ಣಿಗೆ ಕಾಣಿಸದೆ ಹೋದವು. ನಮ್ಮ ಯಜಮಾನರು ರವಿ ಬೈಕಿನಲ್ಲೇ ಮದ್ದೂರಿಗೆ ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರು ಬಿಪಿ ಎರಡು ಸಲ ನೋಡಿ, ಕೂತ ಕುರ್ಚಿಯಿಂದ ಎದ್ದು ನಿಂತು, "ಈಗಲೇ ಮಂಡ್ಯಕ್ಕೆ ಹೊರಡಿ" ಎಂದರು. ಸಾಯಂಕಾಲದೊಳಗೆ ಆಪರೇಷನ್ ಆಯಿತು. ಹೆಣ್ಣು ಮಗು. ಸಾವಿರದ ನೂರೈವತ್ತು ಗ್ರಾಂ. ನನ್ನ ಚಾರ್ಟಿನಲ್ಲಿ ಅಷ್ಟು ಕೆಳಗೆ ಬಣ್ಣವೇ ಇಲ್ಲ.

ಮಗುವನ್ನು ಮೊದಲು ನೋಡಿದ್ದು ನಮ್ಮತ್ತೆ. ನೋಡಿ ಬಂದು ನನ್ನ ಮಂಚದ ಪಕ್ಕ ಕೂತರು. "ಎಂಗದೆ ಅತ್ತೆ" ಎಂದೆ. "ಅಂಗೈ ಅಗ್ಲ ಅದೆ ಕಣವ್ವ. ಉಸ್ರಾಡ್ತಾ ಅದೆ. ಅಷ್ಟೇ ನಾನ್ ನೋಡಿದ್ದು" ಎಂದರು. ಅಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ನೆಂಟರು ಫೋನು ಮಾಡಿದಾಗ ರವಿ ಹೊರಗೆ ಹೋಗಿ ಮಾತಾಡುತ್ತಿದ್ದರು. ಯಾವ ಮಗು ಎಂದು ಕೇಳಿದರೆ ಹೆಣ್ಣು ಎನ್ನುತ್ತಿದ್ದರು. ತೂಕ ಎಷ್ಟು ಎಂದು ಕೇಳಿದರೆ ಸಿಗ್ನಲ್ ಸಿಗುತ್ತಿಲ್ಲ ಎಂದು ಕಟ್ ಮಾಡುತ್ತಿದ್ದರು.

ಮೂರನೇ ದಿನ ನನ್ನನ್ನು ಗಾಲಿಕುರ್ಚಿಯಲ್ಲಿ ಐಸಿಯುಗೆ ಕರೆದುಕೊಂಡು ಹೋದರು. ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆಸಿ, ಹಸಿರು ನಿಲುವಂಗಿ ತೊಡಿಸಿದರು. ಮಗುವನ್ನಿಟ್ಟಿದ್ದ ಗಾಜಿನ ಪೆಟ್ಟಿಗೆಯ ಮೇಲೆ 'ಬೇಬಿ ಆಫ್ ಭಾಗ್ಯ' ಎಂದು ಬರೆದ ಪ್ಲಾಸ್ಟರ್ ಅಂಟಿಸಿತ್ತು. ಭಾಗ್ಯ ನನ್ನ ಹೆಸರು. ಒಳಗಿದ್ದ ಕೂಸಿನ ಕಣ್ಣಿಗೆ ಬಟ್ಟೆ ಕಟ್ಟಿದ್ದರು, ಮೂಗಿಗೆ ನಳಿಕೆ ಹಾಕಿದ್ದರು, ಕಾಲಿಗೆ ನಾಡಿ ನೋಡುವ ಒಂದು ಕೆಂಪು ದೀಪ ಸುತ್ತಿದ್ದರು. ಎದೆಯ ಮೂಳೆಗಳು ಒಳಕ್ಕೆ ಹೋಗಿ ಹೊರಕ್ಕೆ ಬರುತ್ತಿದ್ದವು. ಅಲ್ಲಿನ ಮುಖ್ಯ ಸಿಸ್ಟರು ಲಲಿತ, "ಕೈ ಒಳಗೆ ಹಾಕಿ ಮುಟ್ಟಮ್ಮ, ನಿನ್ನ ಕೈ ಅವಳಿಗೆ ಗೊತ್ತಾಗಲಿ" ಎಂದರು. ನನ್ನ ಕೈ ತಣ್ಣಗಿದೆ ಸಿಸ್ಟರ್, ನಾಳೆ ಮುಟ್ಟುತ್ತೇನೆ ಎಂದೆ. ಮಾರನೇ ದಿನ ಶೀತ ಬಂದ ಹಾಗಿದೆ ಎಂದೆ. ಅದರ ಮಾರನೇ ದಿನ ಹೊಲಿಗೆ ಎಳೆಯುತ್ತಿದೆ, ನಿಲ್ಲಲಾಗುವುದಿಲ್ಲ ಎಂದೆ. ಹೀಗೆ ದಿನಕ್ಕೊಂದು ನೆಪ. ಎಂಟು ವರ್ಷ ಬೇಡಿಕೊಂಡು ಪಡೆದ ಮಗುವನ್ನು ಮುಟ್ಟುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಐಸಿಯು ಪಕ್ಕದಲ್ಲಿ ತಾಯಂದಿರ ಕೊಠಡಿ. ಎಂಟು ಮಂಚ, ಎಂಟು ಜನ ತಾಯಂದಿರು. ಮೂರು ಗಂಟೆಗೊಮ್ಮೆ ಒಬ್ಬ ಸಿಸ್ಟರು ಬಾಗಿಲಿಗೆ ಬಂದು "ಹಾಲು" ಎಂದು ಕೂಗುತ್ತಿದ್ದರು. ಎಲ್ಲರೂ ಗೋಡೆ ಕಡೆ ತಿರುಗಿ ಕೂತು ಸಣ್ಣ ಸ್ಟೀಲ್ ಬಟ್ಟಲುಗಳಿಗೆ ಎದೆಹಾಲು ಹಿಂಡಿ, ಹೆಸರು ಅಂಟಿಸಿ ಕೊಡಬೇಕಿತ್ತು. ಹಾಲು ಬರಲೆಂದು ಎಲ್ಲರ ಮನೆಯಿಂದಲೂ ಸಬ್ಬಸಿಗೆ ಸೊಪ್ಪಿನ ಸಾರು ಬರುತ್ತಿತ್ತು. ಇಡೀ ಕೊಠಡಿಯೇ ಸಬ್ಬಸಿಗೆ ನಾರುತ್ತಿತ್ತು. ನಾನು ಟೀಚರು ಎಂದು ತಿಳಿದ ಮೇಲೆ ಎಲ್ಲರೂ ನನ್ನನ್ನೇ ಕೇಳಲು ಶುರು ಮಾಡಿದರು. ಡಾಕ್ಟರು ಹೇಳಿದ್ದಕ್ಕೆ ಅರ್ಥ ಹೇಳುವುದು ನಾನು, ಚೀಟಿ ಓದಿ ಹೇಳುವುದು ನಾನು. "ಮುಟ್ಟಿ ಮಾತಾಡ್ಸಿ, ಮುಟ್ಟಿದ್ರೆ ತೂಕ ಬರ್ತದೆ" ಎಂದು ಎಲ್ಲರಿಗೂ ಪಾಠ ಮಾಡುತ್ತಿದ್ದವಳೂ ನಾನೇ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ನನ್ನ ಪಕ್ಕದ ಮಂಚ ಚೈತ್ರಳದು. ಇಪ್ಪತ್ತು ವರ್ಷ, ಮಳವಳ್ಳಿಯ ಆಚೆಯ ಹಳ್ಳಿ. ಗಂಡ ನಾಗ ಮಳವಳ್ಳಿಯಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದ, ಭಾನುವಾರ ಬರುತ್ತಿದ್ದ. ಅತ್ತೆ ಕೆಂಪಮ್ಮ ಎಲೆಅಡಿಕೆ ಹಾಕಿಕೊಂಡು ಹಗಲೆಲ್ಲ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಚೈತ್ರಳಿಗೆ ತಾಯಿಯಿಲ್ಲ. ಕೊತ್ತತ್ತಿಗೆ ಕೊಟ್ಟಿದ್ದ ಅಕ್ಕ ಒಬ್ಬಳಿದ್ದಳು. ಚೈತ್ರಳ ಗಂಡುಕೂಸು ಸಾವಿರದ ಮುನ್ನೂರು ಗ್ರಾಂ ಇತ್ತು. ಹೆಚ್ಚು ಮಾತಿನ ಹುಡುಗಿಯಲ್ಲ. ನನ್ನನ್ನು ಅಕ್ಕ ಎನ್ನುತ್ತಿದ್ದಳು, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದಳು.

ಎಂಟನೆಯ ದಿನ ಮೇಘನ ಎನ್ನುವ ನರ್ಸಿಂಗ್ ವಿದ್ಯಾರ್ಥಿನಿ ಕಾಗದಗಳ ಕಟ್ಟು ಹಿಡಿದು ಬಂದಳು. ಮಕ್ಕಳು ಐಸಿಯುನಲ್ಲಿರುವಾಗ ತಂದೆತಾಯಿಗೆ ಎಷ್ಟು ಒತ್ತಡ ಆಗುತ್ತದೆ ಎಂದು ಅಳೆಯುವುದು ಅವಳ ಓದಿನ ಭಾಗವಂತೆ. ಪ್ರತಿ ಪ್ರಶ್ನೆಯ ಮುಂದೆ ಒಂದರಿಂದ ಐದರವರೆಗೆ ಅಂಕಿಗಳಿದ್ದವು. ಒಂದಕ್ಕೆ ಸುತ್ತು ಹಾಕಿದರೆ ಏನೂ ಒತ್ತಡವಿಲ್ಲ ಎಂದು, ಐದಕ್ಕೆ ಹಾಕಿದರೆ ತಡೆಯಲಾಗದಷ್ಟು ಇದೆ ಎಂದು. "ಯಾರಿಗೆ ಜಾಸ್ತಿ ಬರ್ತದೋ ಅವರ ಜೊತೆ ಮೇಲಿನ ಮಹಡಿಯ ಕೌನ್ಸೆಲಿಂಗ್ ಮೇಡಂ ಕೂತು ಮಾತಾಡ್ತಾರೆ" ಎಂದಳು. ಪ್ರಶ್ನೆಗಳು ಪುಸ್ತಕದ ಕನ್ನಡದಲ್ಲಿದ್ದವು. 'ಶಿಶುವಿನ ಶರೀರಕ್ಕೆ ಅಳವಡಿಸಿದ ಉಪಕರಣಗಳನ್ನು ವೀಕ್ಷಿಸಿದಾಗ' ಎನ್ನುವ ಥರ. ಕೊಠಡಿಯಲ್ಲಿ ಎಲ್ಲರೂ ಕಾಗದ ಹಿಡಿದುಕೊಂಡು ನನ್ನ ಮುಖ ನೋಡಿದರು. ನನಗೆ ಹುರುಪು ಬಂತು. "ಕೊಡಿ ಮೇಡಂ, ನಾನೇ ಎಲ್ರುದ್ದೂ ತುಂಬ್ಸಿ ಕೊಡ್ತೀನಿ, ನಮ್ಗಿದು ದಿನಾ ಇರೋ ಕೆಲ್ಸ" ಎಂದೆ. ಬೆಳಿಗ್ಗೆಯಿಂದ ಮೂರು ವಾರ್ಡು ಸುತ್ತಿ ಬಂದಿದ್ದ ಹುಡುಗಿ, ಸಂತೋಷದಿಂದ ಕೊಟ್ಟು ಊಟಕ್ಕೆ ಹೋದಳು.

ಇಬ್ಬರು ತಮ್ಮದನ್ನು ತಾವೇ ಬರೆದುಕೊಂಡರು. ಉಳಿದ ಆರು ಕಾಗದ ನನ್ನ ಕೈಗೆ ಬಂದವು, ನನ್ನದೂ ಸೇರಿ. ಮೊದಲು ನನ್ನದನ್ನು ತುಂಬಿದೆ. ಎಲ್ಲಕ್ಕೂ ಒಂದು. ಎಲ್ಲ ಒಂದೇ ಇದ್ದರೆ ಅನುಮಾನ ಬರುತ್ತದೆಂದು ಎರಡು ಕಡೆ ಎರಡು. ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುತ್ತಾ ಹೋದೆ. ಯಾರಾದರೂ "ಭಯ ಆಯ್ತದೆ" ಎಂದರೆ "ಅಷ್ಟೇನಿಲ್ಲ ಅಲ್ವಾ" ಎಂದು ನಾನೇ ಹೇಳಿ ಎರಡಕ್ಕೆ ಸುತ್ತುತ್ತಿದ್ದೆ. ನಮ್ಮ ಕೊಠಡಿಯವರು ಗಟ್ಟಿಗಿತ್ತಿಯರು ಎಂದು ಕಾಗದದಲ್ಲಿ ಕಾಣಬೇಕು ಎನ್ನುವುದು ನನ್ನ ತಲೆಯಲ್ಲಿತ್ತು. ಯಾರ ಮುಂದೆ ಕಾಣಬೇಕಿತ್ತೋ ಈಗಲೂ ಗೊತ್ತಿಲ್ಲ.

ಕೊನೆಗೆ ಚೈತ್ರ. ಮಗುವಿನ ಹತ್ತಿರ ನಿಂತಾಗ ಹೇಗನ್ನಿಸುತ್ತದೆ ಎನ್ನುವ ಪ್ರಶ್ನೆಗೆ ಅವಳು ಹತ್ತಿರಕ್ಕೆ ಸರಿದು ಕೂತಳು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಅದು ನಂದು ಅಂತ್ಲೇ ಅನ್ನುಸ್ತಿಲ್ಲ ಕಣಕ್ಕ. ಸತ್ತೋದ್ರೆ ಮನೆಗೋಗ್ಬೋದು ಅನ್ನುಸ್ತದೆ. ದಿನಾ ಅಂಗೇ ಅನ್ನುಸ್ತದೆ."

ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಕೆಟ್ಟ ಮಾತಾಡಿದಳು ಎಂದಲ್ಲ. ಅದು ನನ್ನ ಮಾತು. ಮೂರನೇ ದಿನದಿಂದ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಅದೇ, ಅಕ್ಷರ ಹೆಚ್ಚುಕಡಿಮೆಯಿಲ್ಲ. ಇದು ಮುಗಿದರೆ ಸಾಕು, ಊರಿಗೆ ಹೋಗಿ ಬಾಗಿಲು ಹಾಕಿಕೊಂಡು ಮಲಗಬೇಕು ಎಂದು ನಾನು ದಿನಾ ಅಂದುಕೊಳ್ಳುತ್ತಿದ್ದೆ. ಅದನ್ನು ಈ ಹುಡುಗಿ ಬಾಯಿ ಬಿಟ್ಟು ಹೇಳಿದ್ದು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

"ತಾಯಾದೋಳು ಅಂಗೆಲ್ಲ ಅನ್ಬಾರ್ದು ಚೈತ್ರ" ಎಂದು ಗದರಿ, ಒಂದಕ್ಕೆ ಸುತ್ತು ಹಾಕಿದೆ. ಉಳಿದ ಪ್ರಶ್ನೆಗಳನ್ನು ಅವಳನ್ನು ಕೇಳಲೂ ಇಲ್ಲ. ಒಂದು, ಒಂದು, ಒಂದು, ನಡುವೆ ಒಂದು ಕಡೆ ಎರಡು.

"ಏನ್ ಬರ್ದೆ ಅಕ್ಕ?"

"ಏನೂ ತೊಂದ್ರೆ ಇಲ್ಲ ಅಂತ."

ಅವಳು ಕಾಗದವನ್ನೇ ನೋಡುತ್ತಿದ್ದಳು. "ಸರಿ ಬುಡು" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಎರಡು ದಿನ ಬಿಟ್ಟು ಮೇಲಿನ ಮಹಡಿಯಿಂದ ಕರೆ ಬಂತು. ಕರೆದದ್ದು ತಮ್ಮ ಕಾಗದವನ್ನು ತಾವೇ ಬರೆದುಕೊಂಡ ಆ ಇಬ್ಬರನ್ನು ಮಾತ್ರ. ನನ್ನ ಕೈಯಲ್ಲಿ ಹೋದ ಆರರಲ್ಲಿ ಒಬ್ಬರನ್ನೂ ಕರೆಯಲಿಲ್ಲ. ಹೋದವರು ಕಣ್ಣು ಕೆಂಪು ಮಾಡಿಕೊಂಡು ವಾಪಸ್ ಬಂದರು, ಆದರೆ ಅವತ್ತು ಹೊಟ್ಟೆ ತುಂಬಾ ಉಂಡರು. ಚೈತ್ರ ಅವರನ್ನು ನೋಡುತ್ತಾ, "ನನ್ನ ಕರೀನಿಲ್ವಾ ಅಕ್ಕ?" ಎಂದಳು. "ನಿಂಗೇನಾಗದೆ" ಎಂದೆ.

ಹನ್ನೆರಡನೇ ದಿನ ಬೆಳಿಗ್ಗೆ ಹತ್ತು ಗಂಟೆಯ ಹಾಲು ಕೊಟ್ಟು, ಇಡ್ಲಿ ತಂದುಕೊಳ್ಳುತ್ತೇನೆ ಎಂದು ಹೋದ ಚೈತ್ರ ಬರಲಿಲ್ಲ. ಒಂದು ಗಂಟೆಯ ಹಾಲಿಗೆ ಅವಳ ಬಟ್ಟಲು ಖಾಲಿ. ನಾಲ್ಕು ಗಂಟೆಗೂ ಖಾಲಿ. ಫೋನು ಆಫ್. ಮೆಟ್ಟಿಲ ಮೇಲಿದ್ದ ಕೆಂಪಮ್ಮನಿಗೂ ಹೇಳದೆ ಹಿಂದಿನ ಗೇಟಿನಿಂದ ಹೋಗಿದ್ದಳು. ಸುದ್ದಿ ತಿಳಿದು ನಾಗ ಮಳವಳ್ಳಿಯಿಂದ ಬಂದ. ಪಡಸಾಲೆಯಲ್ಲಿ ಲಲಿತ ಸಿಸ್ಟರು, ಕಾಗದಗಳ ಕಟ್ಟು ಹಿಡಿದಿದ್ದ ಮೇಘನ, ಕೆಂಪಮ್ಮ, ನಾಗ ಎಲ್ಲ ಸೇರಿದ್ದರು. ಹುಡುಗಿಗೆ ಏನಾದರೂ ಬೇಜಾರಿತ್ತಾ ಎಂದು ಸಿಸ್ಟರು ಕೇಳಿದಾಗ, ಪಾಪ ಮೇಘನ ಕಟ್ಟಿನಲ್ಲಿ ಹುಡುಕಿ ತೆಗೆದು ಹೇಳಿಬಿಟ್ಟಳು. "ಇಲ್ಲ ಸಿಸ್ಟರ್, ಇವರದು ಎಲ್ಲರಿಗಿಂತ ಕಡಿಮೆ. ಏನೂ ಒತ್ತಡ ಇಲ್ಲ ಅಂತ ಬರ್ದಿದಾರೆ."

ಕೆಂಪಮ್ಮ ಅದನ್ನು ಹಿಡಿದುಕೊಂಡರು. "ಕೇಳುದ್ಯಾ ನಾಗ. ಯೋಚ್ನೆನೇ ಇಲ್ವಂತೆ ಅವ್ಳ್ಗೆ. ಕಾಗ್ದದಲ್ಲೇ ಬಂದದೆ. ಎತ್ತ ಕೂಸು ಒಳ್ಗೆ ಉಸ್ರಿಗೆ ಒದ್ದಾಡ್ತಾ ಬಿದ್ದದೆ, ಇವ್ಳ್ಗೆ ಯೋಚ್ನೆ ಇಲ್ಲ."

"ಅಂಗಾದ್ರೆ ಓಗ್ಲಿ ಬುಡು" ಎಂದ ನಾಗ. "ಇನ್ಮೇಲೆ ನಮ್ಮಟ್ಟಿ ಮೆಟ್ಲು ತುಳಿಯೋದು ಬ್ಯಾಡ."

ನಾನು ಬಾಗಿಲ ಸಂದಿಯಲ್ಲಿ ನಿಂತು ಇದನ್ನೆಲ್ಲ ಕೇಳಿದೆ. ಆಗಲೇ ಹೊರಗೆ ಬಂದು ಹೇಳಬೇಕಿತ್ತು. ಬರಲಿಲ್ಲ. ಹೇಳಿದರೆ ನನ್ನ ಕಾಗದವನ್ನೂ ತೆಗೆದು ನೋಡುತ್ತಾರೆ, ರವಿಗೆ ತಿಳಿಯುತ್ತದೆ, ನಮ್ಮತ್ತೆಗೆ ತಿಳಿಯುತ್ತದೆ. ವಾಪಸ್ ಹೋಗಿ ಮಂಚದ ಮೇಲೆ ಕೂತೆ. ಒಂದಿಡೀ ದಿನ ಹಾಗೇ ಕೂತಿದ್ದೆ. ಅಷ್ಟರಲ್ಲಿ ಕೊಠಡಿಯಲ್ಲೆಲ್ಲ ಚೈತ್ರ ಕಲ್ಲುಮನಸ್ಸಿನವಳು ಎಂದಾಯಿತು. ಅವಳು ಹೋಗುವ ಮುಂಚೆ ನಕ್ಕಿದ್ದನ್ನು ನೋಡಿದೆ ಎಂದು ಒಬ್ಬಳು ಹೇಳಿದಳು. ಯಾರೋ ಇರಬೇಕು ಎಂದು ಇನ್ನೊಬ್ಬಳು ಹೇಳಿದಳು. ಅದಕ್ಕೂ ನಾನು ಬಾಯಿ ಬಿಡಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಅತಿ ಕೆಟ್ಟ ಕೆಲಸ ಆ ಸುಳ್ಳು ಸುತ್ತುಗಳಲ್ಲ, ಆ ಒಂದು ದಿನ.

ಮಾರನೇ ದಿನ ಮಧ್ಯಾಹ್ನ ಲಲಿತ ಸಿಸ್ಟರು ಬಂದು, "ಆ ಕೂಸಿಗೆ ತಾಯಿ ಹಾಲಿಲ್ಲ, ಹೊಟ್ಟೆ ಉಬ್ಬರಿಸ್ತಿದೆ. ಇದ್ದವರು ಯಾರಾದರೂ ಎರಡು ಗುಟುಕು ಹೆಚ್ಚು ಕೊಡೋಕಾಗುತ್ತಾ ಅಂತ ಡಾಕ್ಟರು ಕೇಳ್ತಿದಾರೆ" ಎಂದರು. ನಾನು ಎದ್ದು ಸಿಸ್ಟರ ಹಿಂದೆಯೇ ಅವರ ಕೋಣೆಗೆ ಹೋದೆ. ಮೇಘನಳೂ ಅಲ್ಲಿದ್ದಳು. ಹೇಳಿದೆ. ಚೈತ್ರ ಹೇಳಿದ್ದೇ ಬೇರೆ, ನಾನು ಬರೆದದ್ದೇ ಬೇರೆ ಎಂದು.

ಮೇಘನಳ ಮುಖ ಬಿಳುಚಿಕೊಂಡಿತು. "ಎಷ್ಟು ಜನರದ್ದು ನೀವು ಹಿಂಗೆ ಬರೆದ್ರಿ?"

"ಆರೂ ಹಿಂಗೇ. ನಂದೂನೂ."

ಅವಳು ಬೈಯುತ್ತಾಳೆ ಎಂದುಕೊಂಡೆ. "ನಾನೇ ಪಕ್ಕದಲ್ಲಿ ಕೂತು ಕೇಳ್ಬೇಕಿತ್ತು. ನಾನು ಊಟಕ್ಕೆ ಹೋದೆ" ಎಂದು ಆ ಹುಡುಗಿ ಅತ್ತಳು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಬೈದದ್ದು ಲಲಿತ ಸಿಸ್ಟರು. "ಓದಿಕೊಂಡಿರೋರು ನೀವು. ನಿಮ್ಮನ್ನ ನಂಬಿ ಅವಳು ಹೇಳಿದಳಲ್ಲಮ್ಮ. ಈಗ ಹೊರಗೆ ಹೋಗಿ ಅವಳ ಮನೆಯವರಿಗೂ ನೀವೇ ಹೇಳಿ."

ಕೆಂಪಮ್ಮನೂ ನಾಗನೂ ಮೆಟ್ಟಿಲ ಮೇಲಿದ್ದರು. ಚೈತ್ರ ಹೇಳಿದ ಮಾತನ್ನು ನಾನು ಅವರಿಗೆ ಹೇಳಲಿಲ್ಲ, ಅದು ಅವಳದು. "ಅವ್ಳಿಗೆ ತುಂಬಾ ಭಯ ಇತ್ತು, ನಂಗೆ ಯೋಳಿದ್ಲು. ನಾನೇ ಕಾಗ್ದದಲ್ಲಿ ಸುಳ್ಳು ಬರ್ದೆ ಕಣವ್ವ" ಎಂದೆ. ಕೆಂಪಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಉಗಿದು ಬಂದು ನನ್ನ ಮುಂದೆ ನಿಂತರು.

"ನೀನ್ಯಾಕವ್ವ ಬರ್ದೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನಿಜವಾಗಿಯೂ ಕೇಳುತ್ತಿದ್ದರು. ನಾಗ ತಲೆ ತಗ್ಗಿಸಿಕೊಂಡೇ ಹೇಳಿದ. "ಕೊತ್ತತ್ತಿಲಿ ಅವ್ರಕ್ಕನ್ ಮನೆ ಅದೆ. ಅಲ್ಲೇ ಇರ್ಬೇಕು. ನೆನ್ನೆ ಅವ್ರಕ್ಕನ ಫೋನಿಗೆ ಮಾಡಿ ಬಾಯಿಗ್ ಬಂದಂಗೆ ಬೈದ್ಬುಟ್ಟಿವ್ನಿ. ನಾನೋದ್ರೆ ಬರಾಕಿಲ್ಲ. ನೀವೇ ಓಗಿ ಕರ್ಕಬನ್ನಿ."

ರವಿ ಒಂದು ಆಟೋ ಕರೆತಂದರು. ಯಾಕೆ, ಏನು ಎಂದು ಅರ್ಧ ಮಾತ್ರ ಹೇಳಿದ್ದೆ. ನಾಲೆ ಪಕ್ಕದ ರಸ್ತೆಯ ಒಂದೊಂದು ಗುಂಡಿಗೂ ಹೊಲಿಗೆ ಹಿಡಿದು ಎಳೆದಂತಾಗುತ್ತಿತ್ತು. ನನಗೆ ಅದು ಆಗಬೇಕಾದ್ದೇ ಅನ್ನಿಸುತ್ತಿತ್ತು.

ಅವಳ ಅಕ್ಕ ಗದ್ದೆಗೆ ಹೋಗಿದ್ದಳು. ಪಕ್ಕದ ಮನೆಯವರು ಹಿತ್ತಲು ತೋರಿಸಿದರು. ಚೈತ್ರ ಕರಿಬೇವಿನ ಗಿಡದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಲೋಟ. ಹಿಂಡಿದ ಹಾಲನ್ನು ಗಿಡದ ಬುಡಕ್ಕೆ ಹುಯ್ಯುತ್ತಿದ್ದಳು. ನಮ್ಮ ಕಡೆ ಎದೆಹಾಲನ್ನು ಕಾಲು ತುಳಿಯುವ ಕಡೆ ಚೆಲ್ಲುವುದಿಲ್ಲ. ಕೂಸು ಸತ್ತ ಮನೆಯಲ್ಲಿ ಹಾಲು ನಿಲ್ಲುವವರೆಗೂ ಹೀಗೆ ಗಿಡಕ್ಕೆ ಹುಯ್ಯುತ್ತಾರೆ. ಇವಳು ಎರಡು ದಿನದಿಂದ ಹುಯ್ಯುತ್ತಿದ್ದಳು.

ನನ್ನನ್ನು ನೋಡಿ ಎದ್ದು ನಿಂತಳು. "ಓಯ್ತಾ ಅಕ್ಕ?"

"ಇಲ್ಲ ಕಣೆ. ಇದ್ದಾನೆ. ನೆನ್ನೆಗಿಂತ ಹತ್ತು ಗ್ರಾಂ ಇಳಿದವ್ನೆ, ಇದ್ದಾನೆ."

ಅವಳು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು. ಮೈ ಮುಟ್ಟಿದರೆ ಸುಡುತ್ತಿತ್ತು, ಹಾಲು ಕಟ್ಟಿಕೊಂಡು ಜ್ವರ ಬಂದಿತ್ತು. ನಾನೂ ಹೊಲಿಗೆ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. "ನಿನ್ನ ಕಾಗ್ದದಲ್ಲಿ ನಾನು ಸುಳ್ಳು ಬರ್ದೆ ಚೈತ್ರ" ಎಂದೆ.

"ಗೊತ್ತು ಕಣಕ್ಕ. ಎಂಟ್ನೇ ಕ್ಲಾಸ್ ಓದಿವ್ನಿ, ಒಂದು ಎರಡು ಗೊತ್ತಾಗಾಕಿಲ್ವಾ. ನೀನು ಒಂದ್ಕೆ ಸುತ್ತಾಕಿದ್ನ ನೋಡ್ದೆ. ಟೀಚರು ಒಂದು ಅಂದ್ಮೇಲೆ ಎಲ್ರಿಗೂ ಒಂದೇ ಇರ್ಬೇಕು, ನನ್ ಮನ್ಸೇ ಕೆಟ್ಟದ್ದು ಅನ್ಕಂಡೆ. ಇಂಥೋಳ ಆಲು ಕುಡುದ್ರೆ ಕೂಸಿಗೆ ಒಳ್ಳೇದಾಗಾಕಿಲ್ಲ ಅನ್ನುಸ್ತು. ಅದ್ಕೇ ಬಂದ್ಬುಟ್ಟೆ."

ಆಮೇಲೆ ಅವಳೇ ಕೇಳಿದಳು. "ನಿನ್ ಕಾಗ್ದನೂ ನೋಡ್ದೆ. ಅದ್ರಲ್ಲೂ ಒಂದೇ ಇತ್ತು. ನಿಂಗೆ ಒಂದ್ ದಿನಾನೂ ಅಂಗನ್ನುಸ್ನಿಲ್ವಾ ಅಕ್ಕ?"

ರವಿ ಹಿತ್ತಲ ಬಾಗಿಲಲ್ಲೇ ನಿಂತಿದ್ದರು. ನನಗೆ ಗೊತ್ತಿತ್ತು. ಅವರ ಕಿವಿಗೆ ಬೀಳುತ್ತದೆ ಎಂದೇ ಇಷ್ಟು ದಿನ ನಾನು ಏನನ್ನೂ ಹೇಳಿರಲಿಲ್ಲ.

"ಅನ್ನುಸ್ತು" ಎಂದೆ. "ನೀನ್ ಯೋಳಿದ್ಯಲ್ಲ, ಸತ್ತೋದ್ರೆ ಮನೆಗೋಗ್ಬೋದು ಅಂತ. ನಂಗೂ ದಿನಾ ಅದೇ ಅನ್ನುಸ್ತಿತ್ತು. ಇವತ್ತಿನವರ್ಗೂ ನಾನು ನನ್ ಮಗೀನ ಒಂದ್ ಸಲನೂ ಮುಟ್ಟಿಲ್ಲ ಚೈತ್ರ."

ಅವಳಿಗೆ ಸಮಾಧಾನ ಆಯಿತೋ, ನನ್ನ ಮೇಲೆ ಕೋಪ ಬಂತೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು. "ಮೊದ್ಲೇ ಯೋಳೋಕೇನಾಗಿತ್ತು ನಿಂಗೆ" ಎಂದು ಲೋಟವನ್ನು ತೊಳೆದಿಟ್ಟು, ಬಟ್ಟೆ ಚೀಲ ಎತ್ತಿಕೊಂಡು ಬಂದು ಆಟೋದಲ್ಲಿ ಕೂತಳು.

ರವಿ ಡ್ರೈವರ್ ಪಕ್ಕ ಕೂತವರು ದಾರಿಯುದ್ದಕ್ಕೂ ತಿರುಗಿ ನೋಡಲಿಲ್ಲ. ನನ್ನ ಸಂಸಾರ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆಸ್ಪತ್ರೆ ಗೇಟಿನ ಹತ್ತಿರ ಇಳಿದಾಗ, ಚೈತ್ರ ಮುಂದೆ ಹೋದ ಮೇಲೆ, ಬೇರೆ ಕಡೆ ನೋಡಿಕೊಂಡು ಹೇಳಿದರು. "ನಂಗೂ ಅನ್ನುಸ್ತು ಕಣೆ. ನಂಗ್ಯಾರೂ ಕಾಗ್ದನೇ ಕೊಡ್ನಿಲ್ಲ." ಅಷ್ಟು ಹೇಳಿ ಟೀ ಅಂಗಡಿಯ ಕಡೆ ಹೊರಟುಹೋದರು.

ಮೆಟ್ಟಿಲ ಮೇಲೆ ಕೆಂಪಮ್ಮ ಸೊಸೆಯನ್ನು ತಲೆಯಿಂದ ಕಾಲಿನವರೆಗೂ ನೋಡಿದರು. "ಬಂದ್ಯಾ. ಕೈ ತೊಳ್ಕಂಡು ಒಳಕ್ಕೋಗು" ಎಂದರು. ನಾಗ ಮುಂದೆ ಬಂದು ಚೀಲ ಇಸಿದುಕೊಂಡ. ಅವತ್ತಿನ ಮಟ್ಟಿಗೆ ಅದು ದೊಡ್ಡ ಕರುಣೆ.

ನಾವಿಬ್ಬರೂ ಒಟ್ಟಿಗೆ ಐಸಿಯು ಒಳಗೆ ಹೋದೆವು. ಚೈತ್ರ ಮೊದಲು ಕೈ ಹಾಕಿದಳು. ಆಮೇಲೆ ನಾನು. ನನ್ನ ಬೆರಳು ತಾಕಿದ ಕೂಡಲೇ ನನ್ನ ಮಗಳು ಕಾಲು ಎಳೆದುಕೊಂಡಳು. ಸೂಜಿ ಚುಚ್ಚುವವರ ಕೈ ಬಿಟ್ಟು ಬೇರೆ ಕೈ ಅವಳಿಗೆ ಗೊತ್ತಿರಲಿಲ್ಲ, ನನ್ನದೂ ಅಂಥದ್ದೇ ಒಂದು ಎಂದುಕೊಂಡಿರಬೇಕು. ಲಲಿತ ಸಿಸ್ಟರು, "ತೆಗೀಬೇಡಿ, ಹಾಗೇ ಇಟ್ಟಿರಿ" ಎಂದರು. ಇಟ್ಟೆ. ಬಹಳ ಹೊತ್ತಿನ ಮೇಲೆ ಕಾಲನ್ನು ನನ್ನ ಬೆರಳಿನ ಮೇಲೆ ಇಟ್ಟಳು. ನನಗೆ ಪ್ರೀತಿ ಉಕ್ಕಲಿಲ್ಲ, ಸುಳ್ಳು ಹೇಳುವುದಿಲ್ಲ. ನಾಚಿಕೆಯಾಯಿತು. ಪ್ರೀತಿ ಆಮೇಲೆ ಬಂತು, ಎರಡು ಮೂರು ವಾರ ಕಳೆದ ಮೇಲೆ, ಎದೆಗೆ ಕಟ್ಟಿಕೊಂಡು ಕೂತಿರುವಾಗ ಯಾವಾಗಲೋ.

ಮೇಘನ ಹೊಸ ಕಾಗದ ತಂದು, ಒಂದು ಸ್ಟೂಲ್ ಹಾಕಿಕೊಂಡು, ಒಬ್ಬೊಬ್ಬರ ಪಕ್ಕದಲ್ಲಿ ಕೂತು, ನಮ್ಮ ಮಾತಿನಲ್ಲೇ ಪ್ರಶ್ನೆ ಕೇಳಿದಳು. ರವಿಯನ್ನೂ ನಾಗನನ್ನೂ ಕೂರಿಸಿ ಕೇಳಿದಳು. ನಾನು ಈ ಸಲ ಐದು ಎಂದೇ ಹೇಳಿದೆ. ಕೌನ್ಸೆಲಿಂಗ್ ಮೇಡಂ ಚೈತ್ರಳನ್ನೂ ನನ್ನನ್ನೂ ಕರೆಸಿಕೊಂಡರು. ಅಂಥ ಯೋಚನೆ ಬಂದವರಲ್ಲಿ ನಾವು ಮೊದಲಿನವರಲ್ಲ ಎಂದರು. ನಾನು ಒಂದಷ್ಟು ತಿಂಗಳು ಮಾತ್ರೆ ತೆಗೆದುಕೊಂಡೆ. ಮಗಳು ನಲವತ್ತೊಂದು ದಿನಕ್ಕೆ ಮನೆಗೆ ಬಂದಳು. ಈಗ ನನ್ನದೇ ಅಂಗನವಾಡಿಯಲ್ಲಿ ಚಾಪೆ ಮೇಲೆ ಕೂತು ಎಲ್ಲರ ಮೊಟ್ಟೆಗೂ ಕೈ ಹಾಕುತ್ತಾಳೆ. ಕೆಂಪಿಗೆ ಬಿದ್ದ ಚುಕ್ಕೆಯನ್ನು ನಾನು ಕೆಂಪಿಗೇ ಇಡುತ್ತೇನೆ. ತಾಯಂದಿರು ಜಗಳಕ್ಕೆ ಬರುತ್ತಾರೆ, ಬರಲಿ.

ಎಲ್ಲವೂ ಸರಿಹೋಯಿತು ಎಂದು ಬರೆದು ಮುಗಿಸಬಹುದಿತ್ತು. ಆದರೆ ಚೈತ್ರಳ ಮನೆಯಲ್ಲಿ ಆ ಎರಡು ದಿನ ಇನ್ನೂ ಮುಗಿದಿಲ್ಲ. ಮಗು ಬಿಟ್ಟು ಹೋದವಳು ಎನ್ನುವ ಮಾತು ಅವಳಿಗೆ ಅಂಟಿಕೊಂಡಿದೆ. ಹೆಸರಿಡುವ ದಿನ ಅವರ ನೆಂಟರೊಬ್ಬರು ಅದನ್ನು ಎತ್ತಿದರು, ನಾನು ಅಲ್ಲೇ ಎದ್ದು ನಿಂತು ನಡೆದದ್ದು ಹೇಳಿದೆ. ಒಂದು ಸಲ ಫೋನಿನಲ್ಲಿ ನಾಗನಿಗೆ ಹೇಳಿದೆ. ಅತ್ತೆ ಸೊಸೆ ಚೆನ್ನಾಗಿಯೇ ಇದ್ದಾರೆ. ಆದರೂ ಅನ್ನ ಸೀದರೆ, ಮಗು ಬಿದ್ದರೆ, ಆ ಮಾತು ಹೊರಗೆ ಬರುತ್ತದಂತೆ.

ಹೋದ ತಿಂಗಳು ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಅತ್ತೆ, ಸೊಸೆ, ಹುಡುಗ ಮೂವರೂ ಸಿಕ್ಕಿದರು. ಹುಡುಗ ಅಜ್ಜಿಯ ಸೊಂಟದ ಮೇಲಿದ್ದ, ದುಂಡುದುಂಡಗೆ ಆಗಿದ್ದಾನೆ. ಕೆಂಪಮ್ಮ ನನ್ನನ್ನು ತೋರಿಸಿ ನಗುತ್ತಾ ಹೇಳಿದರು. "ನೋಡ್ಲಾ, ನಿಮ್ಮವ್ವ ನಿನ್ನ ಆಸ್ಪತ್ರೇಲಿ ಬುಟ್ಟು ಓಡೋಗಿದ್ಲು, ಈ ಟೀಚರಮ್ಮನೇ ಇಡ್ಕಬಂದಿದ್ದು." ತಮಾಷೆಗೇ ಹೇಳಿದ್ದು. ಚೈತ್ರಳೂ ನಕ್ಕಳು, ನಗುತ್ತಲೇ ಬಸ್ಸಿನ ಬೋರ್ಡುಗಳ ಕಡೆ ತಿರುಗಿಕೊಂಡಳು. ಹುಡುಗ ಅವ್ವನ ಮುಖ ನೋಡಿದ. ಇಂಥ ಮಾತು ಅರ್ಥವಾಗುವ ವಯಸ್ಸು ಹತ್ತಿರ ಬರುತ್ತಿದೆ.

"ನಿಮ್ಮವ್ವ ಓಡೋಗ್ನಿಲ್ಲ ಕಣಪ್ಪ" ಎಂದೆ, ಅಕ್ಕಪಕ್ಕ ನಿಂತವರಿಗೂ ಕೇಳುವ ಹಾಗೆ. "ನಂಗೆ ಕಷ್ಟ ಆಯ್ತದೆ ಅಂತ ಬಾಯ್ಬುಟ್ಟು ಯೋಳಿದ್ಲು. ಬರ್ಕಳೋಕೆ ಕೂತಿದ್ದ ನಾನು ಸುಳ್ಳು ಬರ್ದೆ."

ಚೈತ್ರ ನನ್ನ ಸೆರಗು ಹಿಡಿದು ಎಳೆದಳು. "ಬುಡಕ್ಕ, ಜನ ನೋಡ್ತಾವ್ರೆ. ಎಷ್ಟ್ ಸಲ ಅಂತ ಯೋಳ್ತೀಯ."

"ನಿಮ್ಮತ್ತೆ ಯೋಳೋದ್ನ ಬುಡೋವರ್ಗೂ" ಎಂದೆ.